ವೃದ್ಧಸ್ನೇಹಿ ಕಾರಿಡಾರು

ವಿನ್ನಿಪೆಗ್‌ನ ನಮ್ಮ ಆಸ್ಪತ್ರೆಯ ತುರ್ತು ವಿಭಾಗವು ವೃದ್ಧಸ್ನೇಹಿ ವಿಭಾಗವೆಂದು ಘೋಷಿತವಾಗಿದೆ. ಘೋಷಿಸಿದ್ದು ನಮ್ಮದೇ ಸಮಿತಿ; ಅದರ ಅಧ್ಯಕ್ಷ ಇಲ್ಲಿನ ವೈದ್ಯನಾದ ನಾನೇ. ಮರೆವಿನ ಕಾಯಿಲೆಯವರ ಬಳಿ ಪರಿಚಿತ ಮುಖವೊಂದು ಇರತಕ್ಕದ್ದು ಎಂಬುದು ನಮ್ಮ ಮೊದಲ ನಿಯಮ. ಕಾರಿಡಾರಿನ ಮಂಚಗಳ ಬಳಿ ಸಂದರ್ಶಕರು ಇರತಕ್ಕದ್ದಲ್ಲ ಎಂಬುದು ಎರಡನೆಯದು. ಒಳಗೆ ಜಾಗವಿಲ್ಲದ್ದರಿಂದ ಮುದುಕರ ಮಂಚಗಳೆಲ್ಲ ಕಾರಿಡಾರಿನಲ್ಲೇ ಇವೆ. ಎರಡು ನಿಯಮಗಳನ್ನೂ ಬರೆದವನು ನಾನು. ಶೈಲಿ ಚೆನ್ನಾಗಿದೆಯೆಂದು ಎಲ್ಲರೂ ಹೊಗಳಿದ್ದರು.

ಎದೆಯ ಸೋಂಕಿನಿಂದ ಬಂದ, ಮರೆವಿನ ಕಾಯಿಲೆಯೂ ಇದ್ದ ಓರೆಸ್ಟ್ ಸಾವ್‌ಚುಕ್ ಎಂಬ ಅಜ್ಜನಿಗೆ ಹೆಂಡತಿ ಸ್ಟೆಫಾನಿಯಾ ಕಣ್ಣಿಗೆ ಬೀಳದಿದ್ದರೆ ಸಮಾಧಾನವಿರುತ್ತಿರಲಿಲ್ಲ. ಡ್ರಿಪ್ ಕಿತ್ತುಕೊಂಡು ಹುಡುಕಲು ಏಳುತ್ತಿದ್ದರು, ಬೀಳುತ್ತಿದ್ದರು. ಇನ್ನೊಮ್ಮೆ ಎದ್ದರೆ ಕೈಗಳನ್ನು ಮಂಚಕ್ಕೆ ಕಟ್ಟತಕ್ಕದ್ದು ಎಂಬುದೂ ನಿಯಮವೇ.

ಅಜ್ಜಿ ಬಾಗಿಲಲ್ಲಿ ನನ್ನನ್ನು ಹಿಡಿದರು. "ಡಾಕ್ಟ್ರೇ, ಕೈ ಮಾತ್ರ ಕಟ್ಬೇಡಿ. ನನ್ನ ಒಳಗೆ ಬಿಡಿ, ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ."

"ಆಗಲ್ಲಮ್ಮ. ಬೆಂಕಿಗಿಂಕಿ ಬಿದ್ರೆ ನೀವು ದಾರಿಗೆ ಅಡ್ಡ."

"ಮಂಚ ಅಡ್ಡ ಅಲ್ವಾ?"

"ಅದಕ್ಕೆ ಅನುಮತಿ ಇದೆ."

ವಿಷಯ ಸಮಿತಿಗೆ ಹೋಯಿತು. ಸ್ವಯಂಸೇವಕರು ಸಂದರ್ಶಕರಲ್ಲ, ಆದ್ದರಿಂದ ದಾರಿಗೆ ಅಡ್ಡವೂ ಅಲ್ಲ ಎಂದು ನಾನು ಕಂಡುಹಿಡಿದೆ. ಚಪ್ಪಾಳೆ ಬಿತ್ತು. ಅಜ್ಜಿಯನ್ನು ತರಬೇತಿಗೆ ಸೇರಿಸಿದೆವು. ಪಾಠ ಹೇಳಿದವನೂ ನಾನೇ.

"ರೋಗಿಯ ಕೈ ಹಿಡ್ಕೊಂಡು ಮೆಲ್ಲಗೆ ಮಾತಾಡ್ಬೇಕು."

"ಅಯ್ಯೋ, ನಾನು ಕೇಳ್ತಿರೋದೂ ಅದನ್ನೇ ಅಲ್ವೇನಪ್ಪಾ!"

"ಆಗ ನಿಮಗೆ ತರಬೇತಿ ಆಗಿರ್ಲಿಲ್ಲ."

ಸ್ವಯಂಸೇವಕರ ಹಸಿರು ಕೋಟು ತೊಟ್ಟು ಗಂಡನತ್ತ ಓಡಿದ ಅಜ್ಜಿಯನ್ನು ನಾನೇ ತಡೆಯಬೇಕಾಯಿತು. ಸ್ವಯಂಸೇವಕರು ಸ್ವಂತ ಬಂಧುಗಳ ಸೇವೆ ಮಾಡತಕ್ಕದ್ದಲ್ಲ, ಪಕ್ಷಪಾತವಾಗುತ್ತದೆ. ಅದೃಷ್ಟಕ್ಕೆ ಎದುರು ಮಂಚದ ಡೊಮಿಂಗೊ ಅಬಾದ್ ಅವರಿಗೂ ಅದೇ ಮರೆವಿನ ಕಾಯಿಲೆ, ಅವರ ಹೆಂಡತಿ ಲುಸಿಂಡಾರಿಗೂ ಅದೇ ತರಬೇತಿ, ಅದೇ ಕೋಟು. ಲುಸಿಂಡಾರನ್ನು ಓರೆಸ್ಟ್ ಪಕ್ಕ ಕೂರಿಸಿದೆವು, ಸ್ಟೆಫಾನಿಯಾರನ್ನು ಡೊಮಿಂಗೊ ಪಕ್ಕ. ಎಷ್ಟು ಸುಲಭದ ಪರಿಹಾರ ಎಂದು ನನಗೇ ನನ್ನ ಮೇಲೆ ಅಭಿಮಾನ ಉಕ್ಕಿತು.

ಓರೆಸ್ಟ್ ಎದುರು ಮಂಚದತ್ತ ಬಹಳ ಹೊತ್ತು ನೋಡಿದರು. ಆಮೇಲೆ ಕೈ ಚಾಚಿ ಕೂಗಿದರು: "ಸ್ಟೆಫಾ! ಅಲ್ಯಾಕೆ ಕೂತಿದ್ದೀಯೇ? ಬಾರೇ ಇಲ್ಲಿ!"

ಸ್ಟೆಫಾನಿಯಾ ಅರ್ಧ ಎದ್ದರು, ನನ್ನ ಮುಖ ನೋಡಿದರು, ಕೂತರು. ಎದ್ದರೆ ಕೋಟು ಹೋಗುತ್ತದೆ. ಕೋಟು ಹೋದರೆ ಮತ್ತೆ ಬಾಗಿಲಾಚೆ.

"ನಾನು ಇಲ್ಲಿ ಕೆಲಸದ ಮೇಲಿದ್ದೀನಿ, ಸರ್," ಎಂದರು ಗಂಡನಿಗೆ. "ಮಲಗಿ. ಎಲ್ಲೂ ಹೋಗಲ್ಲ ನಾನು."

ಲುಸಿಂಡಾ ಕಲಿತದ್ದನ್ನು ಮರೆಯದೆ ಓರೆಸ್ಟ್ ಕೈ ಹಿಡಿದು ಮೆಲ್ಲಗೆ ಮಾತಾಡಿದರು. ಅಜ್ಜ ಮಲಗಿದರು. ಕೈ ಕಟ್ಟುವ ಪ್ರಮೇಯ ಬರಲಿಲ್ಲ. ದಾದಿ ನನ್ನ ಕಡೆ ತಿರುಗಿ ಅಜ್ಜನ ದಾಖಲೆಯಲ್ಲಿ ಏನೆಂದು ಬರೆಯಲಿ ಎಂದು ಕೇಳಿದಳು. ನಾನು ಹೇಳಿದೆ: "ಶಾಂತವಾಗಿದ್ದಾರೆ. ಆದರೆ ನಮ್ಮ ಸ್ವಯಂಸೇವಕಿಯೊಬ್ಬರನ್ನು ಹೆಂಡತಿ ಅಂದ್ಕೊಂಡಿದ್ದಾರೆ. ಭ್ರಮೆ ಇನ್ನೂ ಹೋಗಿಲ್ಲ."