ಸಾಯದೆ ಉಳಿದ ಖಳನ ವಿಷಯವಾಗಿ ಮಿಂಚುಗೈ ವೀರರಿಗೆ

ಮಾನ್ಯ ಮಿಂಚುಗೈ ವೀರರೇ,

ತಾವು ಮೋಡಗಳ ಮೇಲೆ ಕ್ಷೇಮವಾಗಿರುವಿರೆಂದೂ, ಕಳೆದ ಸಿನಿಮಾದಲ್ಲಿ ತಮ್ಮ ಮೇಲೆ ಕುಸಿದ ಬಹುಮಹಡಿ ಕಟ್ಟಡದಿಂದ ತಮ್ಮ ಬೆನ್ನಿಗಾಗಲಿ ಕ್ರಾಪಿಗಾಗಲಿ ಏನೂ ತೊಂದರೆಯಾಗಿಲ್ಲವೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವವಳು. ಅಷ್ಟು ಇಟ್ಟಿಗೆಯಡಿಯಿಂದ ಎದ್ದು ಬಂದ ಮೇಲೂ ತಮ್ಮ ಮೇಲಂಗಿಯಲ್ಲಿ ಒಂದು ಸುಕ್ಕೂ ಕಾಣದಿದ್ದಾಗಲೇ ತಾವು ಸಾಮಾನ್ಯರಲ್ಲವೆಂಬುದು ನನಗೆ ಮನವರಿಕೆಯಾಯಿತು.

ತಮ್ಮನ್ನು ನಮಗೆ ಪರಿಚಯಿಸಿದ ಪುಣ್ಯ ನಮ್ಮ ಚರ್ಚಿಗೆ ಹೊಸದಾಗಿ ಬಂದ ಪಾಸ್ಟರ್ ಅವರದು. ಭಾನುವಾರ ಬೆಂಚುಗಳು ಖಾಲಿ ಹೊಡೆಯುತ್ತಿದ್ದುದನ್ನು ನೋಡಲಾರದೆ ಅವರು ಶನಿವಾರ ಸಂಜೆ ಚರ್ಚಿನ ಮಹಡಿಯ ಹಾಲ್‌ನಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿ ತಮ್ಮ ಸಿನಿಮಾಗಳನ್ನು ತೋರಿಸಿ, ಮರುದಿನ ಅದರ ಮೇಲೆಯೇ ಪ್ರಸಂಗ ಮಾಡತೊಡಗಿದರು. ತಮ್ಮ ತಂದೆಯವರು ತಮ್ಮನ್ನು ಆಕಾಶದಿಂದ ಭೂಮಿಗೆ ಕಳುಹಿಸಿದ್ದು, ಖಳನಾದ ಹೊಗೆರಾಯ ತಮ್ಮನ್ನು ಗೋಪುರದ ತುದಿಗೆ ಕರೆದೊಯ್ದು ಊರನ್ನೆಲ್ಲ ತೋರಿಸಿ ಆಸೆ ಹುಟ್ಟಿಸಿದ್ದು, ತಾವು ಎರಡೂ ಕೈ ಚಾಚಿ ಬಿದ್ದದ್ದು, ಮೂರನೆಯ ದಿನ ಕಲ್ಲು ಸರಿಸಿ ಎದ್ದದ್ದು, ಇವೆಲ್ಲ ಯಾವ ಪುಸ್ತಕದಿಂದ ಬಂದವೆಂದು ಅವರು ಬಿಡಿಸಿ ಹೇಳಿದಾಗ ನಮಗೆ ಮೈ ಜುಮ್ಮೆಂದಿತು. ಬರಬರುತ್ತ ಪಾಸ್ಟರ್ ಕಣ್ಣಿಗೆ ತಮ್ಮ ಬೂಟಿನ ಲೇಸಿನಲ್ಲೂ ಶಿಲುಬೆ ಕಾಣತೊಡಗಿತು. ಬೆಂಚುಗಳು ತುಂಬಿದವು. ಕಿವಿ ಮಂದವಾಗಿರುವ ನಮ್ಮ ನಿವೃತ್ತ ನರ್ಸಮ್ಮ, ಹೊಗೆರಾಯ ಸಭೆಯಲ್ಲೇ ಯಾರಿಗೋ ನೆಂಟನಿರಬೇಕೆಂದುಕೊಂಡು ಪ್ರಾರ್ಥನೆಯ ಹೊತ್ತಿಗೆ ಎದ್ದು ನಿಂತು, "ಪಾಪ, ಆ ಹೊಗೆರಾಯನಿಗೂ ಒಳ್ಳೆ ಬುದ್ಧಿ ಬರ್ಲಿ ಅಂತ ಬೇಡ್ಕೊಳ್ಳೋಣ" ಎಂದರು. ನಾವು ನಗು ತಡೆಯಲು ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆವು. ಆದರೆ ಮುಂದಿನ ಶನಿವಾರದ ಸಿನಿಮಾದಲ್ಲಿ ಹೊಗೆರಾಯನಿಗೆ ನಿಜವಾಗಿಯೂ ಒಳ್ಳೆ ಬುದ್ಧಿ ಬಂತು.

ನನ್ನ ದೂರು ಶುರುವಾಗುವುದು ಅಲ್ಲಿಂದಲೇ.

ಆ ಸಂಜೆ ನನ್ನ ತಮ್ಮನೂ ಬಂದಿದ್ದ. ಅವನು ವ್ಯಾನ್ ಓಡಿಸುತ್ತಿದ್ದವನು. ಕುಡಿದು ಓಡಿಸಿ, ಫುಟ್‌ಪಾತಿನಲ್ಲಿ ನಡೆದು ಹೋಗುತ್ತಿದ್ದ ನಮ್ಮ ಹೊಲಿಗೆಯಮ್ಮನಿಗೆ ಗುದ್ದಿದ. ಆಕೆ ನಮ್ಮ ಗಾಯನ ಮೇಳದ ಮುಖ್ಯ ದನಿ. ಅಂದಿನಿಂದ ಆಕೆಯ ಬಲಗಾಲು ಮಡಚುವುದಿಲ್ಲ, ಹೊಲಿಗೆ ಮಿಷನ್ನು ತುಳಿಯುವುದೆಲ್ಲ ಎಡಗಾಲಿನಲ್ಲೇ. ಅವನು ಜೈಲಿನ ಶಿಕ್ಷೆ ಮುಗಿಸಿ ನನ್ನ ಮನೆಗೆ ಬಂದು ಕೆಲವೇ ದಿನಗಳಾಗಿದ್ದವು. ಪಾಸ್ಟರ್ ಖುದ್ದಾಗಿ ಮನೆಗೆ ಬಂದು ಕರೆದರೆಂಬ ಮುಲಾಜಿಗೆ ಬಂದು, ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಷ್ಟೇ ಕೂತಿದ್ದ.

ಪರದೆಯ ಮೇಲೆ, ಅರ್ಧ ನಗರವನ್ನು ಹೊಗೆಯಲ್ಲಿ ಅದ್ದಿ ಕೊಂದಿದ್ದ ಹೊಗೆರಾಯ ತಮ್ಮ ಪಾದದ ಬಳಿ ಕುಸಿದು ಅತ್ತ. ತಾನೇ ಇಟ್ಟಿದ್ದ ಬಾಂಬನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮೇಲಕ್ಕೆ ಹಾರಿ, ಪಿಟೀಲುಗಳ ನಡುವೆ ಸಿಡಿದುಹೋದ. ಹಾಲ್ ತುಂಬ ಮೂಗೆಳೆಯುವ ಸದ್ದು. ಪ್ರಭುವಿನ ಪಕ್ಕದ ಶಿಲುಬೆಯ ಮೇಲೆ ಸಾಯುವ ಮುನ್ನ ಪಶ್ಚಾತ್ತಾಪಪಟ್ಟ ಕಳ್ಳ ಇವನೇ ಎಂದು ಪಾಸ್ಟರ್ ಗದ್ಗದಿತರಾದರು. ಆಮೇಲೆ ಲೈಟು ಹಾಕಿದರು. ಕರವಸ್ತ್ರ ಇನ್ನೂ ಕೈಯಲ್ಲಿದ್ದವರು ತಿರುಗಿ ನನ್ನ ತಮ್ಮನನ್ನು ಕಂಡರು. ಪಕ್ಕದ ದಂಪತಿ ಕುರ್ಚಿ ಸರಿಸಿಕೊಂಡರು. ಒಬ್ಬಾಕೆ ನೆಲದಲ್ಲಿದ್ದ ಬ್ಯಾಗನ್ನು ಮಡಿಲಿಗೆ ಎತ್ತಿಕೊಂಡರು.

ಮಾನ್ಯರೇ, ತಮ್ಮ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ಬದಲಾದ ಪಾಪಿಯನ್ನು ಆ ಕ್ಷಣವೇ ಸಿಡಿಸಿಬಿಟ್ಟರೆ ಕ್ಷಮಿಸುವವರಿಗೆ ಎಷ್ಟು ಅನುಕೂಲವೆಂಬುದನ್ನು ತಾವು ಚೆನ್ನಾಗಿ ಬಲ್ಲಿರಿ. ಶಿಲುಬೆಯ ಆ ಕಳ್ಳನೂ ಅದೇ ದಿನ ತೀರಿಕೊಂಡಿದ್ದರಿಂದ, ಮುಂದಿನ ವಾರ ಅವನನ್ನು ಯಾರ ಪಕ್ಕದಲ್ಲಿ ಕೂರಿಸಬೇಕೆಂಬ ಪ್ರಶ್ನೆ ಏಳಲಿಲ್ಲ. ನನ್ನ ತಮ್ಮನಿಗಾದರೋ ಪಶ್ಚಾತ್ತಾಪವಾದ ಮರುದಿನವೂ ಹಸಿವಾಗುತ್ತದೆ, ಟವೆಲ್ ಬೇಕಾಗುತ್ತದೆ, ಕೆಲಸ ಕೇಳಿಕೊಂಡು ಹೋದರೆ ಹಿಂದೆ ಎಲ್ಲಿದ್ದೆ ಎಂದು ಕೇಳುತ್ತಾರೆ. ಆದಕಾರಣ, ಸಾಧ್ಯವಾದರೆ ಇಂಥವರಿಗಾಗಿ ಸಾಧಾರಣ ಗಾತ್ರದ, ಅಕ್ಕಪಕ್ಕದ ಮನೆಗಳ ಕಿಟಕಿ ಒಡೆಯದಂಥ ಸ್ಫೋಟವೊಂದನ್ನು ಏರ್ಪಡಿಸಬೇಕೆಂದೂ, ಇಲ್ಲವಾದರೆ ಹೊಗೆರಾಯ ಬದುಕಿ ಉಳಿದು, ತಾನು ಹಾಳುಗೆಡವಿದ ಬೀದಿಯಲ್ಲೇ ಬಾಡಿಗೆ ಮನೆ ಹುಡುಕುವ ಸಿನಿಮಾವೊಂದನ್ನು ದಯಪಾಲಿಸಬೇಕೆಂದೂ ಕೋರುತ್ತೇನೆ.

ಮುಂದೆ ಆದದ್ದನ್ನೂ ತಿಳಿಸುವುದು ನನ್ನ ಕರ್ತವ್ಯ. ಜನರೆಲ್ಲ ಇಳಿದು ಹೋಗುವವರೆಗೆ ಹೊಲಿಗೆಯಮ್ಮ ಎಂದಿನಂತೆ ಮುಂದಿನ ಸಾಲಿನಲ್ಲೇ ಕಾದು ಕೂತಿದ್ದರು. ನನ್ನ ತಮ್ಮ ಯಾರ ಮುಖವನ್ನೂ ನೋಡದೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಪೇರಿಸುತ್ತ ಪೇರಿಸುತ್ತ ಆಕೆಯ ಕುರ್ಚಿಯವರೆಗೆ ಬಂದು ನಿಂತುಬಿಟ್ಟ. ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟು ಏನೋ ಹೇಳಹೊರಟ.

"ನೀನು ಏನ್ ಹೇಳಿದ್ರೂ ನನ್ನ ಕಾಲು ಮಡಚಲ್ಲ" ಎಂದರು ಆಕೆ. "ಕ್ಷಮಿಸಿದೀನಿ ಅಂತಾನೂ ಅಂದ್ಕೋಬೇಡ. ಮೆಟ್ಲು ಇಳೀಬೇಕು, ಕೈ ಕೊಡು."

ಅವನು ಕೈ ಕೊಟ್ಟ. ಪಿಟೀಲು ಇರಲಿಲ್ಲ, ಊರುಗೋಲಿನ ಟಕ್ ಟಕ್ ಸದ್ದು, ಅದರ ನಡುವೆ ಆಕೆ ಅವನನ್ನು ಬೈಯುತ್ತಿದ್ದ ಸದ್ದು, ಅಷ್ಟೇ. ಮೇಲೆ ನಿಂತು ನೋಡುತ್ತಿದ್ದ ಪಾಸ್ಟರ್ ಬೆಡ್‌ಶೀಟ್ ಮಡಿಸುವುದನ್ನೇ ಮರೆತರು. ಮರುದಿನದ ಪ್ರಸಂಗದಲ್ಲಿ ತಮ್ಮ ಹೆಸರು ಬರಲಿಲ್ಲ, ದಯವಿಟ್ಟು ಬೇಸರಿಸಬೇಡಿ. ಈಗ ಪ್ರತಿ ಶನಿವಾರವೂ ಅವನೇ ಆಕೆಯನ್ನು ಹತ್ತಿಸಿ ಇಳಿಸುತ್ತಾನೆ, ಆಕೆ ಪ್ರತಿ ಶನಿವಾರವೂ ಬೈಯುತ್ತಾರೆ. ಬೈಗುಳ ಸ್ವಲ್ಪ ಕಡಿಮೆಯಾಗಿದೆಯೇ ಎಂದು ಕೇಳಿದರೆ, ಇಲ್ಲವೆಂದು ಹೇಳಿ ನನ್ನ ತಮ್ಮ ನಗುತ್ತಾನೆ. ಅವನು ನಕ್ಕದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಇಷ್ಟು ನಿಧಾನವಾಗಿ ಸಾಗುವ ದೃಶ್ಯ ತಮ್ಮ ಸಿನಿಮಾಕ್ಕೆ ಉಪಯೋಗವಾಗಲಾರದೆಂದು ಬಲ್ಲೆ.

ಇಂತು,
ತಮ್ಮ ವಿಶ್ವಾಸಿ
(ಭಾನುವಾರದ ಮಟ್ಟಿಗೆ ಬೇರೊಬ್ಬರ ವಿಶ್ವಾಸಿ),
ಲಾಂಡ್ರಿಯ ಅಕ್ಕ

ಮರೆತ ಮಾತು: ಕಳೆದ ಸಿನಿಮಾದಲ್ಲಿ ತಾವು ಖಳನ ಮೇಲೆ ಎತ್ತಿ ಎಸೆದ ಬಸ್ಸಿನ ಕಿಟಕಿಗಳಲ್ಲಿ ಮುಖಗಳಿದ್ದವೆಂದು ಹೊಲಿಗೆಯಮ್ಮ ಹೇಳುತ್ತಾರೆ. ಆ ಬಸ್ಸಿನಲ್ಲಿದ್ದವರ ಮನೆಗಳಿಗೆ ತಾವು ಹೋಗುವುದು ಯಾವಾಗ ಎಂದು ವಿಚಾರಿಸಲು ತಿಳಿಸಿದ್ದಾರೆ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ನನ್ನ ತಮ್ಮ ಜೊತೆಗೆ ಬರುತ್ತಾನಂತೆ.