ಬಕೆಟ್ ಮನುಷ್ಯನಿಗೆ ಆಪರೇಷನ್

ನೀರು ಸರಬರಾಜು ಆಫೀಸಿನಲ್ಲಿ ಅವತ್ತು ಬೆಳಿಗ್ಗೆ ನಡೆಯಬಾರದ್ದು ನಡೆದುಹೋಯಿತು. ಸಾಹೇಬರು ಕೆಲಸ ಕೇಳಿದರು.

ತಪ್ಪು ಅವರದ್ದಲ್ಲ. ಅವರ ಹತ್ತಿರ ಚಿಕ್ಕಂದಿನದೊಂದು ವಿಡಿಯೋ ಗೇಮ್ ಇತ್ತು. ಅಂಗೈಯಗಲದ್ದು, ಎರಡೇ ಗುಂಡಿ. ಪರದೆ ಮೇಲೆ ತೂತು ಪೈಪುಗಳಿಂದ ಹನಿ ಬೀಳುತ್ತೆ, ಒಬ್ಬ ಕಡ್ಡಿ ಮನುಷ್ಯ ಬಕೆಟ್ ಹಿಡಿದು ಆ ಕಡೆ ಈ ಕಡೆ ಓಡ್ತಾನೆ. ಊರಿನ ಪೈಪೆಲ್ಲ ಸೋರಿ ಬೀದಿಗಳು ಹೊಳೆಯಾದರೂ ಸಾಹೇಬರು ಮಾತ್ರ ಗಾಜಿನ ಛೇಂಬರಿನಲ್ಲಿ ಕೂತು, ಒಂದೇ ಒಂದು ಹನಿ ನೆಲಕ್ಕೆ ಬೀಳದ ಹಾಗೆ ದಿನವಿಡೀ ನೋಡಿಕೊಳ್ಳುತ್ತಿದ್ದರು. ಅವತ್ತು ಪರದೆ ಇದ್ದಕ್ಕಿದ್ದಂತೆ ಬೋಳಾಯಿತು. ಕೈಗೆ ಕೆಲಸವಿಲ್ಲದೆ ಬೆಲ್ ಒತ್ತಿ, "ಪೆಂಡಿಂಗ್ ಏನೇನಿದೆ?" ಅಂದುಬಿಟ್ಟರು.

ಪೆಂಡಿಂಗ್ ಅಂದರೆ ಹೆಡ್ ಕ್ಲರ್ಕು. ದೂರು ತಂದವರಿಗೆಲ್ಲ "ನೋಡೋಣಪ್ಪ" ಅಂದೂ ಅಂದೂ ಅವರಿಗೆ ಅದೇ ಹೆಸರು ನಿಂತಿತ್ತು. ನೋಡೋಣಪ್ಪನವರ ಬೆನ್ನ ಹಿಂದಿನ ಬೀರುವಿನ ತುಂಬ ಒಡೆಯದ ದೂರಿನ ಲಕೋಟೆಗಳು. ಬಾಗಿಲು ತೆಗೆದರೆ ಮೈಮೇಲೇ ಬೀಳುತ್ತವೆ ಅಂತ ಬೀಗ ಜಡಿದಿದ್ದರು. ಮುಂದಿನ ತಿಂಗಳು ಬಡ್ತಿ ಬೇರೆ.

"ಸಾಹೇಬ್ರು ಇದನ್ನ ಕಸಕ್ಕೆ ಹಾಕು ಅಂದ್ರು," ಅಂತ ಜವಾನ ಗೇಮನ್ನು ತಂದು ತೋರಿಸಿದ.

"ಅಯ್ಯೋ ಪಾಪಿ! ಕಸಕ್ಕೆ ಹಾಕಿದ್ರೆ ನಾವೆಲ್ಲ ಬೀದಿಗೆ ಬೀಳ್ತೀವಿ. ಕೊಡು ಇಲ್ಲಿ!" ನೋಡೋಣಪ್ಪನವರು ಕನ್ನಡಕದ ಸ್ಕ್ರೂ ಡ್ರೈವರ್ ತೆಗೆದರು. ಇಡೀ ಸರ್ವಿಸಿನಲ್ಲಿ ಅವರು ಒಂದು ಕೆಲಸವನ್ನು ಅದೇ ದಿನ ಕೈಗೆತ್ತಿಕೊಂಡದ್ದು ಇದೇ ಮೊದಲು.

ಮುಚ್ಚಳ ಬಿಚ್ಚುವಷ್ಟರಲ್ಲಿ ಮೇಜಿನ ಸುತ್ತ ಆಫೀಸೇ ನೆರೆದಿತ್ತು. ಆಪರೇಷನ್ ಥಿಯೇಟರಿಗೆ ನೆಂಟರು ನುಗ್ಗಿದ ಹಾಗೆ.

"ಧೂಳು ರೀ, ಬರೀ ಧೂಳು," ಅಂತ ಕ್ಯಾಷಿಯರ್ ಉಫ್ ಎಂದು ಊದಿದರು. ಧೂಳು ಅಲ್ಲೇ ಇತ್ತು, ಸ್ಕ್ರೂಗಳು ಹೋದವು. ಎಲ್ಲರೂ ಮಂಡಿಯೂರಿ ಹುಡುಕುತ್ತಿದ್ದಾಗ ಸಾಹೇಬರ ಬೆಲ್ ಆಯಿತು.

ನೋಡೋಣಪ್ಪನವರು ಕೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿದೇ ಓಡಿದರು.

"ಮಾರ್ಕೆಟ್ ರಸ್ತೇಲಿ ಪೈಪ್ ಸೋರ್ತಾ ಇದೆ ಅಂತ ಎಷ್ಟು ದೂರು ಬಂದಿದೆ?"

"ಒಂದೂ ಇಲ್ಲ ಸಾರ್. ಆ ಕಡೆ ಜನ ತುಂಬಾ ಸಂತೋಷವಾಗಿದ್ದಾರೆ."

"ಹೌದಾ? ನಾನು ಬೆಳಿಗ್ಗೆ ಆ ಸಂತೋಷದಲ್ಲಿ ಮೊಣಕಾಲು ತನಕ ಮುಳುಗಿ ಬಂದೆ."

ಬೆವರು ಒರೆಸಿಕೊಂಡು ವಾಪಸು ಬಂದರೆ ಇನ್ನೊಂದು ಅನಾಹುತ. ಗೇಮಿನೊಳಗೆ, ಪರದೆಗೂ ಹಲಗೆಗೂ ನಡುವೆ, ಕರೆಂಟು ದಾಟಿಸೋ ತೆಳು ರಬ್ಬರ್ ಪಟ್ಟಿಯೊಂದು ಇತ್ತು. ಅದು ಕಾಣುತ್ತಿಲ್ಲ.

"ಇದೆಂಥಾ ರಬ್ಬರ್ ತರಿಸ್ತೀರ ರೀ," ಅಂತ ಟೈಪಿಸ್ಟಮ್ಮ ಆ ಕಡೆಯಿಂದ ಗೊಣಗಿದರು. "ಆವಾಗಿಂದ ಉಜ್ತಾ ಇದೀನಿ, ಒಂದು ಅಕ್ಷರಾನೂ ಅಳಿಸ್ತಿಲ್ಲ!"

"ಅಮ್ಮಾ ತಾಯಿ, ಅದು ಗೇಮಿನ ನರ!"

"ನರಾನಾ? ಹೊಲಸು ಹತ್ತಿತ್ತು. ಉಜ್ಜಿದ್ಮೇಲೆ ನೋಡಿ, ಎಷ್ಟು ಚೊಕ್ಕ ಆಗಿದೆ!"

ಅಷ್ಟರಲ್ಲಿ ಪರದೆಗಂಟಿದ್ದ, ಬೆಳಕು ಸೋಸುವ ತೆಳು ಹಾಳೆ ಕಳಚಿಕೊಂಡಿತು. "ಅಂಟಿಸೋ ಡಿಪಾರ್ಟ್‌ಮೆಂಟು ನಂದು," ಅಂತ ಜವಾನ ಲಕೋಟೆಯ ಗೋಂದು ಸವರಿ ಅಡ್ಡಡ್ಡ ಅಂಟಿಸಿದ. ಬೆಳಕು ನಿಂತು ಪರದೆಯೆಲ್ಲ ಇದ್ದಿಲಿನ ಹಾಗೆ ಕಪ್ಪಾಯಿತು.

"ಆಹಾ, ಒಳಗೆ ರಾತ್ರಿ ಆಗಿದೆ," ಅಂದರು ಕ್ಯಾಷಿಯರ್.

"ನಿಮ್ಮ ತಲೆ!" ಅಂತ ರೇಗಿದ ನೋಡೋಣಪ್ಪನವರು ಜವಾನನ ಕಡೆ ತಿರುಗಿದರು. "ಕೀಳಯ್ಯಾ ಅದನ್ನ!"

ಮತ್ತೆ ಬೆಲ್.

"ನಿಮ್ಮ ಹಿಂದಿರೋ ಬೀರುವಲ್ಲಿ ಏನಿದೆ?"

"ಖಾಲಿ ಸಾರ್."

"ಖಾಲಿ ಬೀರುವಿಗೆ ಅಷ್ಟು ದೊಡ್ಡ ಬೀಗ ಯಾಕೆ? ಸಂಜೆ ಕೀ ತನ್ನಿ, ನೋಡೋಣಪ್ಪ."

ವಾಪಸು ಓಡಿ ಬಂದ ನೋಡೋಣಪ್ಪನವರು ಎಲ್ಲರನ್ನೂ ಮಾರು ದೂರ ನಿಲ್ಲಿಸಿದರು. ಬ್ಯಾಟರಿ ಸೋರಿ ತಂತಿಗಳ ಮೇಲೆ ಹಸಿರು ಪಾಚಿ ಕಟ್ಟಿತ್ತು. ಈ ಆಫೀಸಿಗೆ ತಕ್ಕ ಯಂತ್ರ! ಸ್ಪಿರಿಟ್ಟು ಹಾಕಿ ತಿಕ್ಕಿದರು. ಗೋಂದು ತೊಳೆದು ಹಾಳೆಯನ್ನು ನೆಟ್ಟಗೆ ಕೂರಿಸಿದರು. ಪಟ್ಟಿಯನ್ನು ಕೂಸಿನಂತೆ ಮಲಗಿಸಿ, ಸಿಕ್ಕಷ್ಟು ಸ್ಕ್ರೂ ಬಿಗಿದು, ಹೊಸ ಬ್ಯಾಟರಿ ಹಾಕಿದರು.

ಟಿಕ್!

ಬಕೆಟ್ ಮನುಷ್ಯ ಎದ್ದು ನಿಂತ. ಟೈಪಿಸ್ಟಮ್ಮನ ಕಣ್ಣಲ್ಲಿ ನೀರು. ಊರಲ್ಲಿ ಸೋರದೆ ಉಳಿದಿದ್ದ ಜಾಗ ಅದೊಂದೇ, ಈಗ ಅದೂ ಸೋರಿತು.

ನೋಡೋಣಪ್ಪನವರು ಎರಡೂ ಕೈಲಿ ಗೇಮ್ ಹಿಡಿದು ಒಳಗೆ ಹೋದರು. ಸಾಹೇಬರ ಮುಖ ಮಗುವಿನಂತೆ ಅರಳಿತು. ಬೆರಳುಗಳು ಗುಂಡಿಗಳ ಮೇಲೆ ಕುಣಿದವು. ಟಿಕ್ ಟಿಕ್ ಅನ್ನೋ ಸದ್ದು ಬಾಗಿಲಾಚೆ ಕೇಳಿ ಕ್ಯಾಷಿಯರ್ ಕುರ್ಚಿ ಹಿಂದಕ್ಕೊರಗಿಸಿ ಕಾಲು ಚಾಚಿದರು. ಆಫೀಸು ಉಳಿಯಿತು.

ಸ್ವಲ್ಪ ಹೊತ್ತಿಗೆ ಸಾಹೇಬರು ಆಕಳಿಸಿದರು.

"ಚೆನ್ನಾಗಿ ರಿಪೇರಿ ಮಾಡಿದ್ದೀರಿ ಕಣ್ರೀ. ಆದ್ರೆ ಯಾಕೋ ರುಚಿಸ್ತಿಲ್ಲ."

"ಸಾರ್?" ಅಂದರು ನೋಡೋಣಪ್ಪನವರು.

"ಇವನು ಆ ಕಡೆ ಈ ಕಡೆ ಮಾತ್ರ ಓಡ್ತಾನೆ. ಇವತ್ತು ಈ ಬೆಲ್ ಒತ್ತಿದೆ ನೋಡಿ... ನೀವು ಸ್ಕ್ರೂ ಡ್ರೈವರ್ ಹಿಡಿದು ಓಡಿ ಬಂದ್ರಿ, ಗಾಜಿನಾಚೆ ಕ್ಯಾಷಿಯರ್ ಮೇಜಿನ ಕೆಳಗೆ ತೂರಿದ್ರು, ಜವಾನ ಗೋಂದಿನ ಬಾಟ್ಲಿ ಸಮೇತ ಬಾಗಿಲಿಗೆ ಅಂಟಿಕೊಂಡ. ಒಂದೇ ಗುಂಡಿಗೆ ಇಷ್ಟು ಜನ ಓಡೋ ಆಟ ಕೈಯಲ್ಲೇ ಇದ್ದು, ಇಷ್ಟು ವರ್ಷ ಇದನ್ನ ಹಿಡ್ಕೊಂಡು ಕೂತಿದ್ನಲ್ಲ!"

ಗೇಮನ್ನು ನೋಡೋಣಪ್ಪನವರ ಕೈಗೇ ತುರುಕಿ ಸಾಹೇಬರು ಎದ್ದರು.

"ಇದರಲ್ಲಿ ಮೂರು ಸಲ ತಪ್ಪಿದ್ರೆ ಆಟ ಮುಗೀತು. ನೀವು ಬೆಳಗಿಂದ ಎರಡು ಸಲ ತಪ್ಪಿದ್ದೀರಿ. ಬನ್ನಿ, ಬೀರು ತೆಗೀರಿ."