ಕಂಪ್ಯೂಟರಿನಲ್ಲಿ ತೆರೆದ ಕಿಟಕಿ

ಗಾಳಿಯನ್ನು ಲೆಕ್ಕ ಹಾಕಿ ಹೊಟ್ಟೆ ಹೊರೆಯುವವನು ನಾನು. ಒಮ್ಮೆ ಬಂಗಾರಪೇಟೆಯ ಮದುವೆ ಊಟದಲ್ಲಿ ಈ ಮಾತು ಹೇಳಿದಾಗ ಪಕ್ಕದಲ್ಲಿ ಕೂತಿದ್ದ ಹಿರಿಯರು ಮರುಕದಿಂದ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಕಟ್ಟಡ ಏಳುವ ಮೊದಲೇ ಅದನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಒಳಗೆ ಎಷ್ಟು ಸೆಕೆಯಾದೀತು, ಎಷ್ಟು ಕರೆಂಟು ಬೇಕಾದೀತು ಎಂದು ಹೇಳುವುದು ನನ್ನ ಕೆಲಸ. ಗೋಡೆ, ಚಾವಣಿಗಳದು ತಕರಾರಿಲ್ಲ. ನನ್ನನ್ನು ಸುಸ್ತು ಮಾಡಿರುವುದು ಗಾಳಿ. ಕಿಟಕಿ ತೆರೆದು ನಾವಾಗಿ ಕರೆಯುವ ಗಾಳಿ ಒಂದು, ಬಾಗಿಲ ಸಂದಿಯಲ್ಲಿ ಕರೆಯದೆ ನುಗ್ಗುವ ಗಾಳಿ ಇನ್ನೊಂದು. ಎರಡಕ್ಕೂ ಒಂದೊಂದು ಅಂಕಿ ಕೊಡದೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ. ಕೊಡುತ್ತೇನೆ. ಎಲ್ಲಿಂದ ತಂದೆ ಎಂದು ಈವರೆಗೆ ಯಾರೂ ಕೇಳಿಲ್ಲ, ದೇವರು ದೊಡ್ಡವನು.

ಮುಚ್ಚಿಹೋದ ಚಿನ್ನದ ಗಣಿ ಮೈಸೂರು ಮೈನ್ಸ್ ಕಡೆಯ ಒಂದು ಅಂಗನವಾಡಿಗೂ ಹೀಗೇ ಅಂಕಿ ಕೊಟ್ಟಿದ್ದೆ. ಪಶ್ಚಿಮಕ್ಕೆ ಎರಡು ದೊಡ್ಡ ಕಿಟಕಿ, ಬೆಳಿಗ್ಗೆಯಿಂದ ಸಂಜೆಯವರೆಗೆ ತೆರೆದೇ ಇರುತ್ತವೆ ಎಂದು ತುಂಬಿದೆ. ಮಕ್ಕಳು ತಣ್ಣಗೆ ಮಲಗುತ್ತಾರೆ ಎಂದಿತು ಕಂಪ್ಯೂಟರು. ಕಟ್ಟಡವೂ ಎದ್ದಿತು. ಮೊನ್ನೆ ಮೇಸ್ತ್ರಿಯ ಫೋನು. ಮಕ್ಕಳು ಮಧ್ಯಾಹ್ನ ಮಲಗುತ್ತಲೇ ಇಲ್ಲವಂತೆ, ಬೆವರಿ ಅಳುತ್ತವಂತೆ. ಅದೇ ನಕ್ಷೆಯಲ್ಲಿ ಇನ್ನೊಂದು ಕೋಣೆಗೆ ಸುಣ್ಣದ ಗೆರೆ ಹಾಕಿಯಾಗಿದೆ, ಪಾಯ ತೋಡುವ ಮೊದಲು ಒಮ್ಮೆ ಬಂದು ನೋಡಿ ಎಂದ.

ಹೋದೆ. ನನ್ನ ಎರಡು ಕಿಟಕಿಗಳೂ ಭದ್ರವಾಗಿ ಮುಚ್ಚಿದ್ದವು. ಸಂದಿಗಳಿಗೆಲ್ಲ ಹಳೆ ಸೀರೆಯ ಒದ್ದೆ ಚೂರು ತುರುಕಿತ್ತು. ಕೈತೋಟ, ಅಡುಗೆ, ಮಕ್ಕಳು ಎಲ್ಲವನ್ನೂ ನೋಡಿಕೊಳ್ಳುವ ಕ್ಯಾಸಂಬಳ್ಳಿಯ ಮುನಿರತ್ನಮ್ಮ ಅಳುವ ಮಗುವೊಂದನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದರು. ಅದರ ಕತ್ತಿನ ತುಂಬ ಬೆವರುಗುಳ್ಳೆ. ಇಷ್ಟು ದೊಡ್ಡ ಕಿಟಕಿ ಕೊಟ್ಟದ್ದು ಮುಚ್ಚುವುದಕ್ಕಾ ಎಂದು ಸ್ವಲ್ಪ ಗತ್ತಿನಿಂದಲೇ ಕೇಳಿದೆ. ಆಕೆ ಗಾಜಿನಾಚೆ ಕೈ ತೋರಿಸಿದರು. ಚಿನ್ನ ತೆಗೆದುಕೊಂಡು ಬಿಟ್ಟ ಮಣ್ಣಿನ ಸೈನೈಡ್ ದಿಬ್ಬ ಎದುರಿಗೇ ಮಲಗಿತ್ತು.

"ಗಾಳಿ ಎದ್ರೆ ಆ ದೂಳೆಲ್ಲ ಸೀದಾ ಸಾರಿನ ಪಾತ್ರೆಗೇ ಬತ್ತದೆ ಸಾ. ಮಕ್ಕಳು ಕೆಮ್ಮೋದು ನೋಡ್ಲಾ, ಬೆವರೋದು ನೋಡ್ಲಾ?"

ಗಾಳಿ ಯಾವ ದಿಕ್ಕಿನಿಂದ ಎಷ್ಟು ಜೋರಾಗಿ ಬರುತ್ತದೆ ಎಂಬುದು ನನ್ನ ಲೆಕ್ಕದಲ್ಲಿತ್ತು. ಏನು ಹೊತ್ತು ತರುತ್ತದೆ ಎಂಬುದು ಇರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು. ಹೊಸ ಕೋಣೆಯ ಕಿಟಕಿಗಳನ್ನು ಪೂರ್ವಕ್ಕೆ ತಿರುಗಿಸಿ, ಹಳೆಯದಕ್ಕೂ ಆ ಕಡೆ ಗೋಡೆ ಒಡೆದು ಒಂದು ಕಿಟಕಿ ಇಡಿ ಎಂದೆ. ಮೇಸ್ತ್ರಿ ಸುಣ್ಣದ ಗೆರೆಯನ್ನು ಕಾಲಲ್ಲಿ ಅಳಿಸಿದ.

ಮುನಿರತ್ನಮ್ಮ ಮಜ್ಜಿಗೆ ಕೊಟ್ಟು, ಯಾವೂರು ಎಂದು ವಿಚಾರಿಸಿದರು. ಇಲ್ಲೇ, ಇದೇ ದಿಬ್ಬಗಳ ಪಕ್ಕದ ಆಂಡರ್ಸನ್‌ಪೇಟೆ, ಹುಟ್ಟಿದ್ದೂ ಅಲ್ಲೇ ಎಂದೆ. ಆಕೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡರು.

"ಮತ್ತೆ ಗಾಳಿ ಎದ್ದಾಗ ನಿಮ್ಮನೇಲಿ ಎಂಗ್ ಮಾಡ್ತೀರ ಸಾ?"

ಮಜ್ಜಿಗೆ ಲೋಟ ಕೆಳಗಿಟ್ಟೆ. ಗಾಳಿ ಎದ್ದರೆ ಮೊದಲು ಸಂದಿ ಮುಚ್ಚಬೇಕು, ಆಮೇಲೆ ಕಾಫಿ ಎಂದು ನಮ್ಮಮ್ಮ ಕಲಿಸಿದ್ದು ನನಗೆ ಮಾತು ಬಂದಾಗಿನಿಂದ. ಆ ಅಂಗನವಾಡಿಯ ವರದಿ ಬರೆದ ದಿನವೂ ಹಾಗೇ ಮಾಡಿದ್ದೆ. ನನ್ನ ಹಳೆ ಲುಂಗಿಯನ್ನು ನೆನೆಸಿ ಬಾಗಿಲಡಿ ತುರುಕಿ, ಎಲ್ಲ ಕಿಟಕಿಗಳ ಚಿಲಕ ಹಾಕಿ, ಬೆವರು ಒರೆಸಿಕೊಳ್ಳುತ್ತ ಕುಳಿತು, ಕಂಪ್ಯೂಟರಿನಲ್ಲಿ ಆ ಮಕ್ಕಳ ಕಿಟಕಿಗಳನ್ನು ದಿನವಿಡೀ ತೆರೆದಿಟ್ಟಿದ್ದೆ.